ಉಡಚಪ್ಪ ಮಾಸ್ತರರ ಬೀಗ

ಗೋಕುಲ ರಸ್ತೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಉಡಚಪ್ಪ ಮಾಸ್ತರರಂಥ ಹಟಮಾರಿ ಇನ್ನೊಬ್ಬರು ಬಂದಿಲ್ಲ. ನಿವೃತ್ತರಾದ ಮೇಲೆ, ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡು ಕಲಿತ ಮನುಷ್ಯ. ತಮ್ಮೂರ ದಲಿತ ಕೇರಿಯ ಮುದುಕರು ಅನುಭವಿಸಿದ್ದನ್ನು ಹದಿನೈದು ವರ್ಷ ಅವರ ಬಾಯಿಂದಲೇ ರೆಕಾರ್ಡ್ ಮಾಡಿಕೊಂಡು, ಲ್ಯಾಪ್‌ಟಾಪಿನ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕಿದ್ದರು. ತಾವು ಹೇಳುವತನಕ ಯಾರ ಕಿವಿಗೂ ಬೀಳಬಾರದೆಂದು ಮುದುಕರ ಕರಾರು.

ಇನ್ನೊಂದು ಪ್ರತಿ ಮಾಡಿಡಿ ಎಂದು ಬಡಕೊಂಡೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

“ಎರಡನೇ ಪ್ರತಿ ಅಂದ್ರ ಎರಡನೇ ಬಾಯಿ, ಲಾಲಸಾಬ. ಮಾತು ಕೊಟ್ಟೇನಿ.”

ಅವರ ಸೋದರತ್ತೆ ಮುದಕವ್ವನ ಮಗ ಕೆರೆಯಲ್ಲಿ ಕಾಲು ಜಾರಿ ಸತ್ತನೆಂದು ಊರು ಹೇಳುತ್ತಿತ್ತು. ನೀರು ಮುಟ್ಟಿದ್ದಕ್ಕೆ ಊರ ಗೌಡರ ವಾಡೆಯವರು ಹೊಡೆದು ಕೊಂದದ್ದನ್ನು ಕಂಡವಳು ಅವಳೊಬ್ಬಳೇ. ಹೇಳಿದ್ದು ಮಾಸ್ತರರೊಬ್ಬರಿಗೇ; ನನಗೆ ಅವರಿಂದ ತಿಳಿದದ್ದು ಎಲ್ಲ ಮುಗಿದ ಮೇಲೆ. ಈ ವರ್ಷ ಲಕ್ವಾ ಹೊಡೆದು ಅವಳ ಮಾತು ನಿಂತಿತು. ಆಗ ಭಯವೂ ಬಿಟ್ಟಿತೇನೋ, ಆ ರೆಕಾರ್ಡ್ ತಂದು ಮೊಮ್ಮಗಳು ಕರುಣಾಳಿಗೆ ಕೇಳಿಸು ಎಂದು ಸನ್ನೆ ಮಾಡಿದಳು. ಮಾಸ್ತರರು ಹೇಳಿದರೆ ಅದು ಕೇಳಿದ ಮಾತು. ಕಂಡವಳ ದನಿ ಆ ಡಿಸ್ಕಿನಲ್ಲಷ್ಟೇ ಇತ್ತು.

ಅದೇ ವಾರ ಲ್ಯಾಪ್‌ಟಾಪ್ ಶುರುವಾಗಲಿಲ್ಲ. ನನ್ನ ಕೈಗೂ ಕೊಡದೆ ಮಾಸ್ತರರು ತಾವೇ ಲಿನಕ್ಸನ್ನು ಹೊಸದಾಗಿ ಹಾಕಿದರು. ನಡುವೆ ಪರದೆ ಪಾಸ್‌ವರ್ಡ್ ಕೇಳಿತು. ಹಳೆಯ ಬೀಗ ತೆಗೆಯಲೆಂದು ತಿಳಿದು ಹಳೆಯದನ್ನೇ ಹೊಡೆದರು. ಅದು ಕೇಳಿದ್ದು ಹೊಸ ಬೀಗ ಹಾಕಲು.

ಪಾಸ್‌ವರ್ಡ್ ತಗೊಳ್ಳುತ್ತದೆ, ಫೈಲುಗಳು ಮಾತ್ರ ಕಾಣುತ್ತಿಲ್ಲ ಎನ್ನುತ್ತ ಅಂಗಡಿಗೆ ಬಂದರು. ನೋಡಿದೆ. ಪಾಸ್‌ವರ್ಡ್ ಅದೇ ಆದರೂ ಫೈಲು ಬಿಚ್ಚಲು ಕಂಪ್ಯೂಟರ್ ತಾನೇ ಮಾಡಿಕೊಳ್ಳುವ ಒಳಗಿನ ಕೀಲಿ ಬೇರೆ. ಹಳೆಯ ಕೀಲಿಯಿದ್ದ ಜಾಗದ ಮೇಲೇ ಹೊಸದು ಕೂತಿತ್ತು. ಇನ್ನು ಯಾರಿಂದಲೂ ತೆಗೆಯಲಾಗದು ಎಂದೆ. ಸಿಟ್ಟು ತಡೆಯದೆ ಬೈದೂ ಬಿಟ್ಟೆ.

ಒಬ್ಬರೇ ಹೋಗಲು ಧೈರ್ಯವಾಗದೆ ನನ್ನನ್ನೂ ಊರಿಗೆ ಕರೆದೊಯ್ದರು. ಮುದಕವ್ವ ತಲೆಯ ಮೇಲೆ ಸೆರಗು ಹೊದ್ದು, ಕೇಳಲು ತಯಾರಾಗಿ ಕೂತಿದ್ದಳು. ಪಕ್ಕದಲ್ಲಿ ಕರುಣಾ. ಎಲ್ಲ ಅಳಿಸಿಹೋಯಿತು, ತಪ್ಪು ನನ್ನದೇ ಎಂದು ಮಾಸ್ತರರು ಹೇಳಿದರು.

ಮುದುಕಿ ಇನ್ನೂ ಆಡುವ ಒಂದು ಕೈಯೆತ್ತಿ ಬಾಗಿಲಾಚೆ ವಾಡೆಯ ಕಡೆ ತೋರಿಸಿದಳು. ಅದೇ ಬೆರಳನ್ನು ಮಾಸ್ತರರ ಎದೆಯ ಕಡೆ ತಿರುಗಿಸಿದಳು.

“ವಾಡೇದವ್ರು ಅಳಸು ಅಂತ ನಿಮಗ ಹೇಳಿದ್ರೇನು ಅಂತ ಕೇಳಾಕತ್ತಾಳ್ರಿ,” ಎಂದಳು ಕರುಣಾ.

ಹದಿನೈದು ವರ್ಷ ಹೆಂಡತಿಯ ಮುಂದೂ ಬಾಯಿ ಬಿಡದ ಮನುಷ್ಯ, ಆಗಲೂ ಬಾಯಿ ಬಿಡಲಿಲ್ಲ. ಇಲ್ಲವೇ ಇಲ್ಲ ಎಂದು ನಾನೇ ಅಲ್ಲಾನ ಆಣೆ ಹಾಕಿದೆ. ಮುದಕವ್ವ ಗೋಡೆಯ ಕಡೆ ಮುಖ ತಿರುಗಿಸಿದಳು.