ಏಳನೇ ಪ್ರಶ್ನೆಗೆ ಮೂರು ‘ನೇ’

ತಪ್ಪು ನನ್ನೊಬ್ಬಳದೇ ಅಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಕೇಳಿದ ಮೇಲೆ ನೀವು ಏನು ಬೇಕಾದರೂ ಅನ್ನಿ.

ತೊಂಬತ್ತರ ದಶಕದ ನಡುವಿನ ಮಾತು. ಬಿ.ಎ. ಮುಗಿಸಿ, ಇಂಗ್ಲಿಷ್ ಟೈಪಿಂಗ್ ಸೀನಿಯರ್ ಪಾಸು ಮಾಡಿದ್ದ ನಾನು, ಚಾಮರಾಜನಗರದ ಹೊರಗೆ ಗುಂಡ್ಲುಪೇಟೆ ರಸ್ತೆಯ ಕರಿಕಲ್ಲಿನ ಕಾರ್ಖಾನೆಯೊಂದರಲ್ಲಿ ಟೈಪಿಸ್ಟ್ ಆಗಿದ್ದೆ. ಅಲ್ಲಿ ಕಲ್ಲು ಕೊಯ್ದು, ಪಾಲಿಷ್ ಮಾಡಿ, ಸಮಾಧಿಗೆಂದು ಕೊರಿಯಾಕ್ಕೆ ಕಳಿಸುತ್ತಿದ್ದರು. ಒಂದು ನಿಲ್ಲಿಸುವ ಕಲ್ಲು, ಅದರ ಮೇಲೆ ಹೆಸರು ಕೆತ್ತುತ್ತಾರಂತೆ. ಇನ್ನೊಂದು ಅದರ ಮುಂದೆ ಮಲಗಿಸುವ ಚಪ್ಪಟೆ ಕಲ್ಲು. ಅದು ಯಾತಕ್ಕೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಎರಡೂ ಕಲ್ಲನ್ನು ಕೈಯಲ್ಲೇ ತಿಕ್ಕುತ್ತಿದ್ದವರು ಎಂಟು ಜನ ಹೆಂಗಸರು. ಅವರಲ್ಲಿ ನನ್ನ ಚಿಕ್ಕಮ್ಮ ಒಬ್ಬಳು. ನೀರು ಹಾಕಿ ಸಾಣೆಕಲ್ಲಿನಿಂದ ತಿಕ್ಕಿ ತಿಕ್ಕಿ ಅವಳ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಬರೀ ಮಸಿಯ ಬೊಟ್ಟು ಬೀಳುತ್ತಿತ್ತು. ಆದರೂ ಆ ಕೆಲಸವೆಂದರೆ ಅವಳಿಗೆ ಪ್ರಾಣ. ಗಂಡ ತೀರಿಕೊಂಡ ಮೇಲೆ ಉಮ್ಮತ್ತೂರಿನಲ್ಲಿ ಭಾವನ ಮನೆಯಲ್ಲಿ ಆರು ವರ್ಷ ಬಾಯಿ ಮುಚ್ಚಿಕೊಂಡು ಮುಸುರೆ ತಿಕ್ಕಿದ್ದಳು. ಈ ಕೆಲಸ ಸಿಕ್ಕಿದ್ದೇ ತಡ, ಒಂದು ಟ್ರಂಕು ಹಿಡಿದು ತೆರಕಣಾಂಬಿಯ ನಮ್ಮ ಮನೆಗೆ ಬಂದುಬಿಟ್ಟಳು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದೆವು, ನಾನು ಆಫೀಸಿಗೆ, ಅವಳು ಶೆಡ್ಡಿಗೆ.

ಆ ವರ್ಷ ನಮ್ಮ ಯಜಮಾನರಿಗೆ ಹೊಸ ಹುಚ್ಚು ಹಿಡಿಯಿತು. ಕನ್ನಡಿಯ ಹಾಗೆ ಹೊಳಪು ಕೊಡುವ ಮೆಷೀನು ತರಿಸಬೇಕು, ಕೈ ಪಾಲಿಷ್ ನಿಲ್ಲಿಸಬೇಕು ಎಂದು. ಆದರೆ ಯಾವುದೋ ಪತ್ರಿಕೆಯಲ್ಲಿ ಮಾರ್ಕೆಟ್ ರಿಸರ್ಚ್ ಬಗ್ಗೆ ಓದಿಕೊಂಡಿದ್ದರು. ಗಿರಾಕಿಯ ಮನಸ್ಸು ತಿಳಿಯದೆ ಕೈ ಹಾಕಬಾರದಂತೆ. ಸರಿಯಾಗಿ ಅದೇ ಹೊತ್ತಿಗೆ ಕಲ್ಲು ಕೊಯ್ಯುವ ದೊಡ್ಡ ಗರಗಸ ಕೂರಿಸಲು ಮೂವರು ಕೊರಿಯಾದವರು ಬಂದಿದ್ದರು.

“ಕೊರಿಯಾಗೆ ಯಾಕೆ ಹೋಗ್ಬೇಕು? ಕೊರಿಯಾನೇ ಇಲ್ಲಿಗೆ ಬಂದಿದೆ” ಅಂದರು ಯಜಮಾನರು. “ಅವ್ರಿಗೂ ಅಪ್ಪ ಅಮ್ಮ ಇರ್ತಾರೆ ತಾನೆ? ನಾಳೆ ಅವ್ರೂ ಕಲ್ಲು ನಿಲ್ಸೋರೇ. ಹೋಗಿ ಕೇಳಮ್ಮ. ನೀನು ಇಂಗ್ಲಿಷ್ ಓದಿದೀಯ.”

ನನ್ನ ಇಂಗ್ಲಿಷು! ಷೇಕ್ಸ್‌ಪಿಯರನ ನಾಟಕಕ್ಕೆ ಗೈಡು ಬಾಯಿಪಾಠ ಮಾಡಿ ಪಾಸಾದ ಇಂಗ್ಲಿಷದು. ಯಜಮಾನರು ಕನ್ನಡದಲ್ಲಿ ಹತ್ತು ಪ್ರಶ್ನೆ ಹೇಳಿದರು, ನಾನು ಇಂಗ್ಲಿಷಿಗೆ ಹಾಕಿ, ಕಾರ್ಬನ್ ಇಟ್ಟು ಮೂರು ಪ್ರತಿ ಟೈಪು ಮಾಡಿದೆ. ಏಳನೆಯದು ಮೆಷೀನಿನ ಪ್ರಶ್ನೆ. ಯಜಮಾನರು ಹೇಳಿದ್ದು, “ಕೈ ಪಾಲಿಷ್ ಇಷ್ಟ ಇಲ್ವಾ?” ನಾವು ಕೇಳುವುದೇ ಹಾಗಲ್ಲವೇ, ಊಟ ಮಾಡಲ್ವಾ, ಕಾಫಿ ಬೇಡ್ವಾ ಅಂತ. ನಾನು ಇದ್ದದ್ದು ಇದ್ದ ಹಾಗೆ ಇಂಗ್ಲಿಷಿಗೆ ಎತ್ತಿಟ್ಟೆ.

ಮೂವರನ್ನೂ ಹುಣಸೆಮರದ ಕೆಳಗೆ ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಹಿರಿಯರಿಗೆ ಐವತ್ತೈದು ದಾಟಿತ್ತು, ತಲೆ ಮೇಲೆ ಬಿಳಿ ಟೋಪಿ. ಉಳಿದ ಇಬ್ಬರು ಅವರ ಮುಖ ನೋಡಿ ಉತ್ತರ ಕೊಡುತ್ತಿದ್ದರು. ಅವರ ಇಂಗ್ಲಿಷು ನನ್ನದಕ್ಕಿಂತ ಒಂದು ಹಿಡಿ ಕಡಿಮೆ. ಪ್ರಶ್ನೆ ಕೇಳಿದರೆ “ನೇ, ನೇ” ಅನ್ನುತ್ತಿದ್ದರು. ಕಾಲೇಜಿನಲ್ಲಿ ಓದಿದ ಹಳೇ ಇಂಗ್ಲಿಷಿನಲ್ಲಿ ‘ನೇ’ ಅಂದರೆ ಇಲ್ಲ ಅಂತ ನೆನಪಿತ್ತು. ಆಹಾ, ಎಷ್ಟು ಓದಿದವರಪ್ಪಾ ಅಂದುಕೊಂಡು ‘ನೋ’ ಅಂತ ಬರೆದುಕೊಂಡೆ. ಏಳನೇ ಪ್ರಶ್ನೆಗೂ ಮೂರು ‘ನೇ’. ಮೂರು ‘ನೋ’.

ಇನ್ನು ಕಲ್ಲು ಇನ್ನೂ ದೊಡ್ಡದಿರಬೇಕೇ ಎಂದು ಕೇಳಿದಾಗ ಹಿರಿಯರು “ಆನಿ, ಆನಿ” ಅಂದರು. ಅಯ್ಯೋ ಪಾಪ, ಬಂಡೀಪುರದ ಹತ್ತಿರ ಬಂದು ಆನೆ ನೋಡದೆ ಹೋದರೆ ಹೇಗೆ ಎಂದು ನನಗೆ ಅನಿಸಿತು. ಹಂಗಳದ ಕಡೆ ಸಾಯಂಕಾಲ ಹೋದರೆ ಕಾಣುತ್ತವೆ ಎಂದು ಹೇಳಿ, ಅರ್ಥವಾಗಲಿ ಅಂತ ಮೂಗಿನ ಮುಂದೆ ತೋಳನ್ನು ಸೊಂಡಿಲಿನ ಹಾಗೆ ಆಡಿಸಿದೆ. ಮೂವರೂ ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಕಾಗದದಲ್ಲಿ ಬರೆದೆ: ಆನೆ ನೋಡುವ ಆಸೆ ಇದೆ.

ರಿಪೋರ್ಟು ಓದಿ ಯಜಮಾನರು ಏಳನೇ ಪ್ರಶ್ನೆಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. “ನೋ ಅಂದ್ರೆ ಇಷ್ಟ ಇಲ್ಲ ಅಂತ ತಾನೆ? ಸರಿ ಬಿಡು. ಸೋಮವಾರ ಮೆಷೀನ್‌ಗೆ ಆರ್ಡರ್ ಹಾಕ್ತೀನಿ. ಹೆಂಗಸ್ರಿಗೆ ಆಮೇಲೆ ಹೇಳಿದ್ರಾಯ್ತು.”

ಸಂಜೆ ಬಸ್ಸಿನಲ್ಲಿ ಚಿಕ್ಕಮ್ಮನಿಗೆ ಹೇಳಿಬಿಟ್ಟೆ, ಬಾಯಿ ತಡೆಯಲಿಲ್ಲ. ಅವಳು ಕೂಗಾಡಲಿಲ್ಲ. ಕಿಟಕಿಯ ಕಡೆ ತಿರುಗಿ, “ಅಂಗಾರೆ ಮತ್ತೆ ಉಮ್ಮತ್ತೂರೇ ಗತಿಯೇನಮ್ಮಿ?” ಅಂದಳು. ನಮ್ಮ ಮನೆಯಲ್ಲೇ ಇರು ಎಂದೆ. “ಕೂತ್ಕಂಡು ಉಣ್ಣಕ್ಕೆ ನಾನೇನು ನೆಂಟ್ಳಾ? ಬುಡು ಅತ್ಲಾಗೆ” ಎಂದಳು. ನನ್ನ ಕೈಯಾರೆ ಬರೆದ ಮೂರು ‘ನೋ’ ನೆನೆದು ನನಗೆ ಅಳು ಬಂತು.

ಕೊರಿಯಾದವರು ಉಳಿದುಕೊಂಡಿದ್ದುದು ಗುಂಡ್ಲುಪೇಟೆಯ ಲಾಡ್ಜಿನಲ್ಲಿ. ಮರುದಿನ ಶನಿವಾರ ಮಧ್ಯಾಹ್ನ ಅವರ ಕಾಗದಪತ್ರ ಕೊಡಲು ನನ್ನನ್ನು ಅಲ್ಲಿಗೆ ಕಳಿಸಿದರು. ಕೆಳಗಿನ ಮಲಯಾಳಿ ಮೆಸ್ಸಿನಲ್ಲಿ ಊಟಕ್ಕೆ ಕೂತಿದ್ದರು. ಬಡಿಸುವವನು ಅನ್ನದ ಬೇಸಿನ್ ಹಿಡಿದು, “ಚೋರು?” ಅಂದ. ಹಿರಿಯರು “ನೇ, ನೇ” ಎನ್ನುತ್ತ ಎಲೆಯನ್ನು ಮುಂದಕ್ಕೆ ತಳ್ಳಿದರು. ಅವನು ಬಡಿಸಿದ. ಅವರು ತಿಂದರು! ಮೀನಿಗೆ “ನೇ”, ಎಲೆಯ ಮೇಲೆ ಮೀನು. ಮಜ್ಜಿಗೆಗೆ “ಆನಿ”, ಎಲೆಗೆ ಕೈ ಅಡ್ಡ.

ನೇ ಅಂದರೆ ಹೌದು! ಆನಿ ಅಂದರೆ ಇಲ್ಲ! ಥೂ ನನ್ನ ಬುದ್ಧಿಗಿಷ್ಟು, ದೊಡ್ಡ ಕಲ್ಲು ಬೇಡ ಅಂದವರ ಮುಂದೆ ಸೊಂಡಿಲು ಆಡಿಸಿದ್ದೆನಲ್ಲ. ನಾಚಿಕೆಗಿಂತ ಖುಷಿಯೇ ಜಾಸ್ತಿಯಾಯಿತು. ಏಳನೇ ಪ್ರಶ್ನೆಗೂ ಹೌದು ಅಂದಿದ್ದಾರೆ ಎಂದಾಯಿತಲ್ಲ!

ವಾಪಸು ಆಫೀಸಿಗೆ ಬರುವ ಬಸ್ಸು ತೆರಕಣಾಂಬಿ ದಾಟುವಷ್ಟರಲ್ಲಿ ಖುಷಿ ಇಳಿದುಹೋಯಿತು. ಹೌದು, ಸರಿ. ಯಾವುದಕ್ಕೆ ಹೌದು? ಕೈ ಪಾಲಿಷ್ ಇಷ್ಟ ಇಲ್ವಾ ಅಂತಲ್ಲವೇ ನಾನು ಕೇಳಿದ್ದು? ಇಂಗ್ಲಿಷಿನವರಾದರೆ ‘ಎಸ್’ ಅಂದರೆ ಇಷ್ಟ ಅಂತ. ನಮ್ಮವರಾದರೆ ‘ಹೂಂ’ ಅಂದರೆ ‘ಹೂಂ, ಇಷ್ಟ ಇಲ್ಲ’ ಅಂತ. ಕೊರಿಯಾದವರು ಯಾರ ಕಡೆ? ಇಂಗ್ಲಿಷಿನವರ ಹಾಗೋ ನಮ್ಮ ಹಾಗೋ? ಹಿಂದಿನ ಸೀಟಿನ ಅಜ್ಜಿಯನ್ನು ಕೇಳಿಬಿಡೋಣ ಅನ್ನುವಷ್ಟು ತಲೆ ಕೆಟ್ಟಿತು.

ಮತ್ತೆ ಅವರನ್ನೇ ಕೇಳಬಹುದಿತ್ತಲ್ಲ ಅಂತೀರಿ. ಸೋಮವಾರ ಬೆಳಿಗ್ಗೆ ಕೇಳಿದೆ. ಹಿರಿಯರು ನಗುತ್ತ ಏನೋ ಹೇಳಿ “ಓಕೆ?” ಅಂದರು. ನಾನು ಓಕೆ ಎಂದು ತಲೆಯನ್ನು ಆಚೆ ಈಚೆ ತೂಗಿದೆ, ನಾವು ಹೂಂ ಅನ್ನಲು ತೂಗುತ್ತೇವಲ್ಲ, ಹಾಗೆ. ಅವರು ಮುಖ ಸಪ್ಪಗೆ ಮಾಡಿಕೊಂಡು ಮೊದಲಿನಿಂದ ಶುರು ಮಾಡಿದರು. ನಾನು ಮತ್ತೆ ತೂಗಿದೆ. ಅವರು ಮತ್ತೆ ಶುರು ಮಾಡಿದರು. ನಾಲ್ಕನೇ ಸಲಕ್ಕೆ ಹೊಳೆಯಿತು, ನಮ್ಮ ಹೂಂ ಅವರ ಕಣ್ಣಿಗೆ ಇಲ್ಲ ಅಂತ ಕಾಣುತ್ತಿದೆ.

ದೂರದಿಂದ ಇದನ್ನೆಲ್ಲ ನೋಡುತ್ತಿದ್ದ ಚಿಕ್ಕಮ್ಮನಿಗೆ ತಾಳ್ಮೆ ಕೆಟ್ಟಿತು. “ಏನಮ್ಮಿ ಅದು ಬೊಂಬೆ ಆಡ್ದಂಗೆ ತಲೆ ಆಡುಸ್ತಾ ನಿಂತಿದ್ದೀಯ? ಸರ್ಕೋ ಅತ್ಲಾಗೆ” ಎಂದು ಬಂದವಳೇ, ಹಿರಿಯರ ತೋಳು ಹಿಡಿದು ಶೆಡ್ಡಿನ ಮುಂದಿನ ಅಂಗಳಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಎರಡು ಚಪ್ಪಟೆ ಕಲ್ಲು ಬಿಸಿಲಿಗೆ ಬಿದ್ದಿದ್ದವು. ಒಂದು ಮೆಷೀನ್ ಕಂಪನಿಯವರು ಕಳಿಸಿದ ಮಾದರಿ ಕಲ್ಲು, ಕನ್ನಡಿಯ ಹಾಗೆ. ಇನ್ನೊಂದು ಅವಳ ಕೈಯದು, ನೆನೆದ ಎಮ್ಮೆಯ ಮೈಯ ಹಾಗೆ ಮಂದ ಕಪ್ಪು. ಎರಡನ್ನೂ ತೋರಿಸಿ, “ಇದ್ಯಾಕೆ, ಯೋಳು” ಎಂದು ಕೈ ತಿರುಗಿಸಿದಳು.

ಅವರಿಗೆ ಅದು ಹೇಗೋ ಅರ್ಥವಾಯಿತು. ಕಲ್ಲಿನ ಮೇಲೆ ಬಟ್ಟಲಿಟ್ಟ ಹಾಗೆ, ಏನೋ ಸುರಿದ ಹಾಗೆ ಮಾಡಿ ತೋರಿಸಿದರು. ಆಮೇಲೆ ಟೋಪಿ ತೆಗೆದು, ಮಂಡಿಯೂರಿ, ಹಣೆ ನೆಲಕ್ಕೆ ತಾಗುವಷ್ಟು ಬಗ್ಗಿದರು. ಎರಡು ಸಲ.

“ಅಯ್, ಎಡೆ ಕಣಮ್ಮಿ! ಮಾರ್ಲಾಮಿಗೆ ಸತ್ತೋರ್ಗೆ ನಾವು ಇಕ್ಕಲ್ವಾ, ಎಡೆ ಇಕ್ಕೋ ಕಲ್ಲು ಇದು!” ಚಿಕ್ಕಮ್ಮ ಕೂಗಿದಳು. ಓಡಿಹೋಗಿ ತನ್ನ ಬುತ್ತಿಯ ಅನ್ನ ತಂದು, ಮುತ್ತುಗದ ಎಲೆಯ ಮೇಲೆ ಹಾಕಿ, ತಾನು ತಿಕ್ಕಿದ ಕಲ್ಲಿನ ಮೇಲಿಟ್ಟು ಕೈ ಮುಗಿದಳು. “ಅಪ್ಪನ್ಗಾ?” ಎಂದಳು.

ಆ ಮನುಷ್ಯ ಬೆಚ್ಚಿದರು. “ಆಪ್ಪ” ಎಂದರು, ಎದೆ ಮುಟ್ಟಿಕೊಂಡು. “ನೇ, ನೇ. ಆಪ್ಪ.” ಅವರ ಮಾತಿನಲ್ಲೂ ಅಪ್ಪನಿಗೆ ಹಾಗೇ ಅನ್ನುತ್ತಾರೆಂದು ಆಗ ತಿಳಿಯಿತು. ಅಂಗೈಯನ್ನು ಆ ಕಲ್ಲಿನ ಮೇಲಿಟ್ಟು ಸುಮಾರು ಹೊತ್ತು ಹಾಗೇ ಇದ್ದರು. ಎದ್ದು ಹೊಳೆಯುವ ಕಲ್ಲಿನ ಕಡೆ ತಿರುಗಿದಾಗ ಬಿಸಿಲು ಕಣ್ಣಿಗೆ ಹೊಡೆಯಿತು. “ಆನಿ, ಆನಿ” ಎಂದು ಕೈ ಅಡ್ಡ ಹಿಡಿದರು.

“ಆನೆ ಎಲ್ಲಮ್ಮಿ ಬಂತು?” ಎಂದಳು ಚಿಕ್ಕಮ್ಮ. ನಾನು ನಗಲೂ ಇಲ್ಲ. ನೇ ಎಂದದ್ದು ಅಪ್ಪನಿಗೆ, ಪಾಲಿಷಿಗಲ್ಲ. ಆನಿ ಎಂದದ್ದು ಬಿಸಿಲಿಗೆ ಇರಬಹುದು, ಕಲ್ಲಿಗೂ ಇರಬಹುದು. ನನಗೆ ಅದು ಚೆನ್ನಾಗಿ ಗೊತ್ತಿತ್ತು.

ಯಜಮಾನರು ಆರ್ಡರಿನ ಕಾಗದ ಮುಂದಿಟ್ಟುಕೊಂಡು ಕೂತಿದ್ದರು. ‘ನೇ’ ಅಂದರೆ ನೋ ಅಲ್ಲ, ಹೌದು ಅಂತ, ನಾನೇ ತಪ್ಪು ಬರೆದುಕೊಂಡೆ ಎಂದು ಹೇಳಿದೆ. “ಹಾಗಾದ್ರೆ ಅವ್ರಿಗೆ ಕೈ ಪಾಲಿಷ್ ಬೇಡ ಅಂತೇನಿಲ್ವಾ?” ಅಂದರು. ನೋಡಿ, ಮತ್ತೆ ಅದೇ ಥರದ ಪ್ರಶ್ನೆ! ಕಿಟಕಿಯಾಚೆ ಚಿಕ್ಕಮ್ಮ ಆ ಎಲೆಯ ಅನ್ನವನ್ನು ಕಾಗೆಗೆ ಹಾಕುತ್ತಿದ್ದಳು. “ಎಡೆ ಇಡೋ ಕಲ್ಲಿಗೆ ಕೈ ಪಾಲಿಷೇ ಬೇಕಂತೆ ಸಾರ್. ಹೊಳೆಯೋದು ಬೇಡವಂತೆ” ಎಂದೆ. ಗಟ್ಟಿಯಾಗಿಯೇ ಹೇಳಿದೆ. ಅವರು ಪೆನ್ನು ತೆಗೆದು, ನಿಲ್ಲಿಸುವ ಕಲ್ಲಿಗೆ ಮಾತ್ರ ಮೆಷೀನು ಎಂದು ಬರೆದರು. ಎಂಟು ಜನ ಹೆಂಗಸರೂ ಉಳಿದರು.

ಸಂಜೆ ಬಸ್ಸಿನಲ್ಲಿ ಚಿಕ್ಕಮ್ಮ ನನ್ನ ಪಕ್ಕ ಕೂತು, ತನ್ನ ಸವೆದ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ನನ್ನ ಕಡೆ ತಿರುಗಿ ಕೇಳಿದಳು: “ದಿಟ ಯೋಳಮ್ಮಿ. ಆ ಯಪ್ಪ ನನ್ ಕೈ ಕಲ್ಲೇ ಬೇಕು ಅಂದ್ನಾ?”

ನಾನು ತಲೆಯನ್ನು ಆಚೆ ಈಚೆ ತೂಗಿದೆ. ಅವಳು ಅದನ್ನು ಹೂಂ ಅಂತ ತಿಳಿದುಕೊಂಡು, ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಆ ಬಿಳಿ ಟೋಪಿಯವರು ನೋಡಿದ್ದರೆ ಇಲ್ಲ ಅಂತ ತಿಳಿದುಕೊಳ್ಳುತ್ತಿದ್ದರು. ನಾನು ಅವತ್ತು ಯಾರ ಭಾಷೆಯಲ್ಲಿ ತಲೆ ತೂಗಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.