ಪೂಜೆಗಿಟ್ಟ ಪರ್ಷಿಯಾದ ಆಯುಧಾಗಾರ

ಇರಾನಿನಲ್ಲಿ ಅಮೆರಿಕನ್ನರನ್ನು ಒತ್ತೆಯಿಟ್ಟುಕೊಂಡಿದ್ದ ಕಾಲ. ನಾವು ಅಮೆರಿಕದ ಮೀರಾ ಮೆಸಾದಲ್ಲಿದ್ದೆವು. ನನ್ನವರು ಹತ್ತಿರದ ಕರ್ನಿ ಮೆಸಾದ ಒಂದು ಕಂಪನಿಯಲ್ಲಿ ಎಂಜಿನಿಯರ್. ನೌಕಾಪಡೆಯ ಕೆಲಸಕ್ಕೆ ಅವರಿಗೆ ಸರ್ಕಾರದ ಕ್ಲಿಯರೆನ್ಸ್, ಅಂದರೆ ಗುಟ್ಟಿನ ಕೆಲಸಕ್ಕೆ ನಂಬಬಹುದಾದವರು ಎಂಬ ಒಪ್ಪಿಗೆ, ಬೇಕಿತ್ತು. ಅದು ಸಿಗದಿದ್ದರೆ ನೌಕರಿಯೇ ಹೋಗುತ್ತಿತ್ತು. ನಾನು ವಾರಕ್ಕೊಮ್ಮೆ ಲಾಂಗ್ ಬೀಚ್‌ನ ವಿಶ್ವವಿದ್ಯಾಲಯದವರೆಗೆ ಡ್ರೈವ್ ಮಾಡಿಕೊಂಡು ಹೋಗಿ ಎಂ.ಎ. ಪ್ರಬಂಧ ಬರೆಯುತ್ತಿದ್ದೆ. ವಿಷಯ, ಹಳೆಯ ಪರ್ಷಿಯಾದ, ಅಂದರೆ ಅದೇ ಇರಾನಿನ, ಸಸಾನಿಯನ್ ದೊರೆಗಳ ಆಯುಧಾಗಾರಗಳು.

ಆ ದೊರೆಗಳ ಸೈನ್ಯದ ಆಯುಧಗಳು ಶಾಂತಿಕಾಲದಲ್ಲಿ ಉಗ್ರಾಣದಲ್ಲಿರುತ್ತಿದ್ದವು. ಯುದ್ಧ ಬಂದಾಗ ಅಲ್ಲಿನ ಅಧಿಕಾರಿ ತೆಗೆದುಕೊಡುತ್ತಿದ್ದ, ಮುಗಿದ ಮೇಲೆ ವಾಪಸು ಪಡೆಯುತ್ತಿದ್ದ. ಅವು ಸುಸ್ಥಿತಿಯಲ್ಲಿರಲಿ ಎಂದು ಹಾಗೆ ಮಾಡಿದ್ದರು ಎನ್ನುತ್ತಿದ್ದರು ನನ್ನ ಪ್ರೊಫೆಸರ್. ದೊರೆಗೆ ತನ್ನವರ ಮೇಲೇ ಅನುಮಾನವಿತ್ತು ಎಂಬುದು ನನ್ನ ವಾದ. ಆಗಲೇ ಹಾಗೆ ಬರೆದಿದ್ದೆನೋ, ಈಗ ಸೇರಿಸುತ್ತಿದ್ದೇನೋ, ಖಚಿತವಿಲ್ಲ.

ಕ್ಲಿಯರೆನ್ಸಿನ ವಿಚಾರಣೆಗೆ ಸರ್ಕಾರದವನು ಮನೆಗೆ ಬಂದದ್ದು ಆಯುಧಪೂಜೆಯ ದಿನ. ನನ್ನ ನೆನಪು ಅವನಿಗೆ ಕಪ್ಪು ಟೈ ಕಟ್ಟುತ್ತದೆ, ನಾನು ನಂಬುವುದಿಲ್ಲ. ಮೈಸೂರಿನಿಂದ ಬಂದಿದ್ದ ಅತ್ತೆ ಡೈನಿಂಗ್ ಟೇಬಲ್ ಮೇಲೆ ಚಾಕು, ಕತ್ತರಿ, ಸ್ಕ್ರೂಡ್ರೈವರ್, ಕಾರಿನ ಜಾಕ್ ಎಲ್ಲ ಜೋಡಿಸಿ ಕುಂಕುಮ ಇಟ್ಟಿದ್ದರು. ಪಕ್ಕದಲ್ಲಿ ಪುಸ್ತಕಗಳು, ಅವುಗಳ ಮೇಲೆ ನನ್ನ ಪ್ರಬಂಧ. ಮೊದಲ ಹಾಳೆಯಲ್ಲಿ ನಾನೇ ಬರೆದ ಈಟಿ, ಗದೆಗಳ ಚಿತ್ರ. ಕೆಳಗೆ ಇಂಗ್ಲಿಷಿನಲ್ಲಿ ಪರ್ಷಿಯಾ ಎಂದಿತ್ತು. ಅವನ ಕಣ್ಣು ಅಲ್ಲೇ ನಿಂತಿತು. ನೋಡಬಹುದೇ ಎಂದ. ಪೂಜೆಗಿಟ್ಟದ್ದನ್ನು ನಾಳೆ ವಿಜಯದಶಮಿಯವರೆಗೆ ಮುಟ್ಟುವ ಹಾಗಿಲ್ಲ ಎಂದುಬಿಟ್ಟೆ. ಅವನು ಪೆನ್ನು ತೆಗೆದ.

"ಅಮ್ಮಾ, ಅವರಿಗೆ ಈಗಲೇ ನೋಡ್ಬೇಕಂತೆ" ಎಂದರು ನನ್ನವರು.

"ಸರಸ್ವತೀನ ಎಬ್ಬಿಸೋಕೆ ಬಂದಿದಾನಲ್ಲ, ಇವನೆಷ್ಟು ಓದಿದಾನಂತೆ?" ಎಂದ ಅತ್ತೆ, ಮಗನ ಮುಖ ನೋಡಿದರು. ಅಕ್ಷತೆ ಹಾಕಿ, ಪ್ರಬಂಧದ ಕಟ್ಟನ್ನು ಉತ್ತರಕ್ಕೆ ಒಂದಿಷ್ಟು ಕದಲಿಸಿದರು. ಪೂಜೆ ಒಂದು ದಿನ ಮೊದಲೇ ಮುಗಿಯಿತು. ಕೊಡು ಎಂದು ನನಗೆ ಸನ್ನೆ ಮಾಡಿದರು.

ಅವನು ಹಾಳೆಗಳನ್ನು ತಿರುವಿ, ಇದೆಲ್ಲ ಯಾವ ಕಾಲದ್ದು ಎಂದು ಕೇಳಿದ. ಸಾವಿರದ ನಾನೂರು ವರ್ಷ ಹಳೆಯದು ಎಂದೆ. ಅವನು ನಕ್ಕ ಎಂದು ನನ್ನವರು ಇವತ್ತಿಗೂ ಹೇಳುತ್ತಾರೆ. ನನಗೆ ಕಂಡದ್ದು, ಬೆರಳಿಗಂಟಿದ ಕುಂಕುಮವನ್ನು ಕರವಸ್ತ್ರಕ್ಕೆ ಒರೆಸಿಕೊಂಡದ್ದು ಮಾತ್ರ.

ಕೆಲವು ವಾರಗಳ ನಂತರ ಕ್ಲಿಯರೆನ್ಸ್ ಬಂತು. ಆದರೆ ಆ ಮಧ್ಯಾಹ್ನ, ಅವನ ಕಾರು ಹೊರಟುಹೋದ ಮೇಲೆ, ಅದುವರೆಗೆ ನನ್ನ ಬರಹದ ಒಂದು ಹಾಳೆಯನ್ನೂ ಓದದಿದ್ದ ನನ್ನವರು ಸೋಫಾದಲ್ಲಿ ಕೂತು ಪ್ರಬಂಧವನ್ನು ಮೊದಲಿನಿಂದ ಓದತೊಡಗಿದರು. ನಡುವೆ ತಲೆಯೆತ್ತಿ, ವಿಚಾರಣೆಗೆ ಬಂದವನ ಹಾಗೆಯೇ ಕೇಳಿದರು: "ನಿಂಗೆ ಇದನ್ನೆಲ್ಲ ಹೇಳಿಕೊಡ್ತಿರೋದು ಯಾರು?"