ಉಪ್ಪು ನೋಡುವ ಕೆಲಸ

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಹೊಸದಾಗಿ ತೆರೆದಿರುವ ಬಾರ್ಬೆಕ್ಯೂ ಹೋಟೆಲಿಗೆ ಮೊನ್ನೆ ನಮ್ಮ ಶಾಲೆಯ ಮಾಸ್ತರರೆಲ್ಲ ಸೇರಿ ನನ್ನನ್ನು ಎಳೆದುಕೊಂಡು ಹೋದರು. ಬಾಗಿಲು ತಳ್ಳುವ ಮೊದಲೇ ಆ ವಾಸನೆ ಬಂತು. ಕೆಂಡದ ಮೇಲೆ ಕೊಬ್ಬಿನ ಹನಿ ಬಿದ್ದು ಚುರ್ ಎಂದಾಗ ಏಳುವ ಹೊಗೆ, ಅದರೊಳಗೆ ಸುಟ್ಟ ಹಸಿಮೆಣಸಿನಕಾಯಿಯ ಘಾಟು. ಜೊತೆಯವರು ಒಳಗೆ ಹೋಗಿ ಮೇಜು ಹಿಡಿದರು. ನಾನು ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ಮೆಟ್ಟಿಲ ಮೇಲೇ ನಿಂತೆ. ಶಹಾಪುರದ ಚಾಚಾ ನೆನಪಾಗಿದ್ದರು...

ಆಗ ನಾನು ಶಹಾಪುರದಲ್ಲಿ ಮನೆ ಮಾಡಿಕೊಂಡು ದೋರನಹಳ್ಳಿಯ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಭಾನುವಾರ ಬಂತೆಂದರೆ ಬೈಕು ಹತ್ತುತ್ತಿದ್ದೆ. ಸುರಪುರ, ಯಾದಗಿರಿ, ವಡಗೇರಾ, ಸೈದಾಪುರ, ಎಲ್ಲಿ ಕೆಂಡದ ಮೇಲೆ ಮಾಂಸ ಸುಡುತ್ತಾರೋ ಅಲ್ಲಿ ಹಾಜರ್. ತಿಂದು ಬಂದು ಮೊಬೈಲಿನಲ್ಲಿ ನನ್ನದೊಂದು ಪುಟದಲ್ಲಿ ನೂರಕ್ಕೆ ಇಷ್ಟು ಎಂದು ಮಾರ್ಕು ಹಾಕುತ್ತಿದ್ದೆ. ಉಪ್ಪು ಖಾರಕ್ಕೆ ನಲವತ್ತು, ಬೆಂದದ್ದಕ್ಕೆ ಮೂವತ್ತು, ಮಾಂಸಕ್ಕೆ ಇಪ್ಪತ್ತು, ಚಟ್ನಿ ಉಳ್ಳಾಗಡ್ಡಿಗೆ ಹತ್ತು. ಹಾಕೆಂದು ಯಾರೂ ಕೇಳಿರಲಿಲ್ಲ. ಆದರೆ ಜನ ಓದುತ್ತಿದ್ದರು, ಜಗಳವಾಡುತ್ತಿದ್ದರು. ಸುರಪುರದ ಒಂದು ಅಂಗಡಿಗೆ ತೊಂಬತ್ತು ಕೊಟ್ಟಾಗ ಯಾದಗಿರಿಯವರು ನನ್ನ ಮೇಲೆ ಹರಿಹಾಯ್ದಿದ್ದರು. ‘ಮಾರ್ಕಿನ ಮಾಸ್ತರ’ ಎಂಬ ಹೆಸರು ಬಿತ್ತು. ‘ಊರಿಗೆ ಉಪಕಾರಿ, ಮನೆಗೆ ಮಾರಿ’ ಎಂದು ನನ್ನ ಹೆಂಡತಿ ಮುಖ ತಿರುವುತ್ತಿದ್ದಳು. ನನಗೆ ಮಾತ್ರ ಆ ಹೆಸರು ಕೇಳಿದಾಗೆಲ್ಲ ಕಾಲರು ತಾನಾಗೇ ಮೇಲಕ್ಕೆ ಹೋಗುತ್ತಿತ್ತು.

ಚಾಚಾನ ಕಬಾಬಿನ ಗಾಡಿ ನಮ್ಮ ಮನೆಯ ಹಿಂದಿನ ಓಣಿಯ ಮೂಲೆಯಲ್ಲೇ ನಿಲ್ಲುತ್ತಿತ್ತು. ಕೆಂಡ ತುಂಬುವ ಉದ್ದನೆಯ ಕಬ್ಬಿಣದ ಸಿಗಡಿ, ಹಿಂದೆ ಒಂದು ಬೆಂಚು, ಬೆಂಚಿಗೆ ಮರೆಯಾಗಿ ಗೋಣಿತಟ್ಟಿನ ಪರದೆ. ಅರವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಹೊಗೆಗೆ ಒಂದು ಕಣ್ಣು ಮುಚ್ಚಿ ಮುಚ್ಚಿ, ಸಿಗಡಿಯಿಂದ ದೂರವಿದ್ದಾಗಲೂ ಆ ಕಣ್ಣು ಅರ್ಧವೇ ತೆರೆಯುತ್ತಿತ್ತು. ಊರೆಲ್ಲ ತಿರುಗುವ ನಾನು ಪಕ್ಕದ ಓಣಿಗೆ ಮೊದಲ ಸಲ ಹೋದದ್ದು ಒಂದು ರಂಜಾನಿನ ಸಂಜೆ. ತಿಂದೆ, ಬಂದೆ, ಅರವತ್ತೆರಡು ಹಾಕಿದೆ. ‘ಖೀಮಾ ಚೆನ್ನ, ಕೆಂಡ ಚೆನ್ನ, ಉಪ್ಪು ಎಲ್ಲಿ?’ ಎಂದು ಬರೆದೆ.

ಮರುದಿನ ಶಾಲೆಯಿಂದ ಬರುವಾಗ ಅವರೇ ಕೈ ಮಾಡಿ ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡು ಬೈಕಿನಿಂದ ಇಳಿಯದೇ ನಿಂತೆ.

“ಉಪ್ಪು ಕಡಿಮಿ ಅಂತ ಬರದೀರಂತಲ್ರಿ ಮಾಸ್ತರ. ಖರೇ ಅದ. ರೋಜಾ ಇದ್ದಾಗ ನಾ ರುಚಿ ನೋಡಂಗಿಲ್ರಿ. ನಾಲಿಗಿ ತುದಿಗಿ ಹಚ್ಚಿ ಉಗುಳಿದ್ರ ನಡೀತದ ಅಂತಾರ ಕೆಲವರು. ನನಗ ಮನಸ್ಸು ಒಪ್ಪಂಗಿಲ್ಲ. ನಾಳಿಂದ ಐದಕ್ಕ ಬರ್ರಿ. ನೀವ ನೋಡಿ ಹೇಳ್ರಿ.”

ಹೀಗೆ ತಪ್ಪು ತೆಗೆದವನಿಗೇ ಆ ಕೆಲಸ ಬಿತ್ತು. ಖೀಮಾ ಕಲಸುವುದು ಮನೆಯಲ್ಲಿ, ಅವರ ಹೆಂಡತಿ ಚಾಚಿಯ ಕೈಯಲ್ಲಿ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು ಎಲ್ಲ ಅಲ್ಲೇ ಬೀಳುತ್ತಿತ್ತು, ಉಪ್ಪೊಂದನ್ನು ಬಿಟ್ಟು. ಮೊದಲೇ ಉಪ್ಪು ಹಾಕಿದರೆ ಮಾಂಸ ನೀರು ಬಿಟ್ಟು ಸೀಖಿಗೆ, ಅಂದರೆ ಆ ಕಬ್ಬಿಣದ ಕಂಬಿಗೆ, ಹಿಡಿಯುವುದಿಲ್ಲ. ಹಾಗಾಗಿ ಕೆಂಡ ಹದಕ್ಕೆ ಬಂದ ಮೇಲೆ ಚಾಚಾ ತಮ್ಮ ಕೈಯಿಂದಲೇ ಮುಷ್ಟಿ ಅಳತೆಯಲ್ಲಿ ಉಪ್ಪು ಕಲಸಿ, ಒಂದು ಸಣ್ಣ ಸೀಖ್ ಸುಟ್ಟು ನನ್ನ ಕೈಗೆ ಕೊಡುತ್ತಿದ್ದರು. ಬೆಳಗಿನಿಂದ ಹನಿ ನೀರು ಮುಟ್ಟದ ಮನುಷ್ಯನ ಎದುರು ತಿನ್ನಲು ನನಗೆ ನಾಚಿಕೆ. ಗೋಣಿ ಪರದೆಯ ಹಿಂದೆ ಕೂತು ಗೋಡೆ ಕಡೆ ಮುಖ ಮಾಡುತ್ತಿದ್ದೆ. “ಈ ಕಡಿ ತಿರುಗ್ರಿ ಮಾಸ್ತರ. ಈಗ ನನ್ನ ನಾಲಿಗಿ ನಿಮ್ಮ ಬಾಯಾಗ ಅದ” ಎಂದು ನಗುತ್ತಿದ್ದರು.

ನಾನೂ ಸುಮ್ಮನೆ ತಿಂದು ಏಳುವವನಲ್ಲ. ಇವತ್ತು ಶುಂಠಿ ಮುಂದೆ ಬಂತು, ನಿನ್ನೆಯಷ್ಟು ಪುಟಾಣಿ ಬೇಡ, ಉಪ್ಪು ಇನ್ನೊಂದು ಚಿಟಿಕೆ ಬೇಕು. ಹೀಗೆ ಏನಾದರೊಂದು ಕೊಂಕು ತೆಗೆದೇ ಏಳುತ್ತಿದ್ದೆ. ಹೇಳಿದ್ದನ್ನು ಅವರು ತಲೆಯಾಡಿಸಿ ಮಾಡುತ್ತಿದ್ದರು. ಸೋಮವಾರ ನಮ್ಮ ಮನೆಯಲ್ಲಿ ಮಾಂಸ ಮುಟ್ಟುವುದಿಲ್ಲ. ಮೊದಲ ಸೋಮವಾರ ನಾನು ಹಿಂದೆಮುಂದೆ ನೋಡಿದಾಗ ಅವರೇ ಸೀಖ್ ಹಿಂದಕ್ಕೆ ತೆಗೆದುಕೊಂಡರು. “ನನ್ನ ರೋಜಾ ಉಳಸಾಕ ನಿಮ್ಮ ವಾರ ಕೆಡಸಬೇಕೇನ್ರಿ? ಬ್ಯಾಡ.” ಆದ್ದರಿಂದ ರಂಜಾನಿನ ಸೋಮವಾರಗಳಂದು ಚಾಚಾನ ಕಬಾಬಿಗೆ ಉಪ್ಪು ಅಂದಾಜಿನದು. ಓಣಿಯವರಿಗೆ ಅದು ಗೊತ್ತಿತ್ತು. ಆ ದಿನ ಉಪ್ಪಿನ ಡಬ್ಬಿ ಹೊರಗೇ ಇರುತ್ತಿತ್ತು.

ಹೀಗೆ ನಾಲ್ಕು ರಂಜಾನ್ ಕಳೆದವು. ಒಮ್ಮೆ ಸೀಖಿಗೆ ಖೀಮಾ ಒತ್ತುತ್ತ, ನನ್ನ ಕಡೆ ನೋಡದೆ, “ಈಗ ಎಷ್ಟ ಮಾರ್ಕ ಆಗ್ತಾವ್ರಿ?” ಎಂದು ಕೇಳಿದ್ದರು.

“ನಾನ ಹೇಳಿಕೊಟ್ಟು ನಾನ ಮಾರ್ಕ ಹಾಕಿದ್ರ ಕಾಪಿ ಹೊಡಸಿದಂಗ ಆಗ್ತದಲ್ರಿ ಚಾಚಾ” ಎಂದೆ. ನಕ್ಕರು. ಮತ್ತೆಂದೂ ಕೇಳಲಿಲ್ಲ. ಈಗ ಅನ್ನಿಸುತ್ತದೆ, ಕೊಡಬಹುದಿತ್ತು. ನನ್ನ ಅಪ್ಪನ ಮನೆಯ ಗಂಟೇನೂ ಹೋಗುತ್ತಿರಲಿಲ್ಲ.

ಆಮೇಲೆ ಕರೋನಾ ಬಂತು. ಎರಡು ವರ್ಷ ಗಾಡಿ ಓಣಿಯ ಗೋಡೆಗೆ ಒರಗಿ ನಿಂತಿತ್ತು. ಎರಡನೇ ವರ್ಷ ನನಗೂ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಕಟ್ಟಿಕೊಂಡು ಹೋಯಿತು. ಹದಿನೈದು ದಿನದಲ್ಲಿ ಬರುತ್ತದೆ ಎಂದರು. ತಿಂಗಳಾಯಿತು, ಆರು ತಿಂಗಳಾಯಿತು. ಹೆಂಡತಿ ಒಂದು ದಿನ ಬೇಕೆಂದೇ ಉಪ್ಪಿಲ್ಲದ ಬೇಳೆ ಬಡಿಸಿದಳು. ನಾನು ಎರಡು ಸಲ ಹಾಕಿಸಿಕೊಂಡು ಉಂಡೆ. ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆಯಲ್ಲಿ ಅತ್ತಳು. “ಯಾರ ಮುಂದೂ ಹೇಳಬ್ಯಾಡ” ಎಂದೆ. ಮಾರ್ಕಿನ ಮಾಸ್ತರನಿಗೆ ರುಚಿ ಹತ್ತುವುದಿಲ್ಲ ಎಂದರೆ ಕುರುಡ ಉತ್ತರಪತ್ರಿಕೆ ತಿದ್ದಿದ ಹಾಗೆ. ಊರೆಲ್ಲ ನಗುತ್ತದೆ.

ಅಷ್ಟಕ್ಕೇ ನಿಲ್ಲಲಿಲ್ಲ ನಾನು. ಹೋಟೆಲುಗಳು ತೆರೆದ ಮೇಲೆ ಮತ್ತೆ ಬೈಕು ಹತ್ತಿದೆ. ಪಕ್ಕದ ಮೇಜಿನವರ ಮುಖ ನೋಡಿ ಮಾರ್ಕು ಹಾಕಿದೆ. ಸೈದಾಪುರದ ಒಂದು ಅಂಗಡಿಗೆ ಬರೀ ಕೆಂಡದ ಬಣ್ಣ ನೋಡಿ ಎಪ್ಪತ್ತೆಂಟು ಕೊಟ್ಟೆ. ಯಾರೂ ಅನುಮಾನ ಪಡಲಿಲ್ಲ. ಈಗ ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಮರುವರ್ಷದ ರಂಜಾನಿಗೆ ಚಾಚಾ ಗಾಡಿಗೆ ಬಣ್ಣ ಹೊಡೆದು ಹೊರಗೆ ತಂದರು. ಎರಡು ವರ್ಷ ಮುಚ್ಚಿದ ಅಂಗಡಿ. ಜನ ಬೈಪಾಸಿನ ಹೊಸ ಹೋಟೆಲುಗಳಿಗೆ ಹೊಂದಿಕೊಂಡಿದ್ದರು. ಈ ಒಂದು ತಿಂಗಳು ಕೈ ಹಿಡಿದರೆ ಉಳಿಯಿತು, ಇಲ್ಲದಿದ್ದರೆ ಇಲ್ಲ. ಅದನ್ನು ಅವರೇ ನನಗೆ ಹೇಳಿದ್ದರು. ಹೇಳಿ, “ಐದಕ್ಕ ಬರ್ರಿ ಮತ್ತ” ಎಂದಿದ್ದರು.

ಹೋದೆ. ಸಣ್ಣ ಸೀಖ್ ಕೈಗೆ ಬಂತು. ಬಾಯಿಗಿಟ್ಟರೆ ಬಿಸಿ ಮಾತ್ರ ಗೊತ್ತಾಯಿತು, ಬೇರೇನೂ ಇಲ್ಲ. “ಸರಿ ಅದ ಚಾಚಾ” ಎಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿದರು. ನಂತರ ಉಳಿದ ಸೀಖುಗಳನ್ನು ಸಿಗಡಿಗೆ ಇಟ್ಟರು. ಅವತ್ತು ಉಪ್ಪು ಸರಿಯಾಗೇ ಇತ್ತಂತೆ. ಅವರ ಮುಷ್ಟಿಯ ಅಳತೆ ಪಳಗಿದ್ದು. ಸೋಮವಾರ ಬಿಟ್ಟು ದಿನವೂ ಹೋದೆ, ದಿನವೂ ಅದೇ ಮಾತು ಹೇಳಿದೆ, ದಿನವೂ ಬಚಾವಾದೆ.

ರಂಜಾನಿನ ಶುಕ್ರವಾರಗಳಂದು ಮೊದಲು ಸುಟ್ಟದ್ದು ಮಸೀದಿಗೆ ಹೋಗಬೇಕು ಎಂಬುದು ಚಾಚಾ ನಡೆಸಿಕೊಂಡು ಬಂದ ಪದ್ಧತಿ. ಆ ಎರಡನೇ ಶುಕ್ರವಾರ ಚಾಚಿ ಜ್ವರದಿಂದ ಮಲಗಿದ್ದರು. ಖೀಮಾ ಕಲಸಿದ್ದು ಅವರ ತಂಗಿ. ಆಕೆಗೆ ಈ ಮನೆಯ ರೂಢಿ ಗೊತ್ತಿಲ್ಲ. ಎಲ್ಲರ ಮನೆಯಂತೆ ಉಪ್ಪನ್ನೂ ಹಾಕಿಯೇ ಕಲಸಿದ್ದಳು. ಚಾಚಾ ತಮ್ಮ ಮುಷ್ಟಿಯದನ್ನು ಮೇಲೆ ಹಾಕಿದರು. ನನಗೆ ಸೀಖ್ ಕೊಟ್ಟರು. ನಾನು ಪರದೆಯ ಹಿಂದೆ ಕೂತು ಪೂರ್ತಿ ತಿಂದು, “ಬರೋಬ್ಬರಿ ಅದ ರೀ” ಎಂದೆ. ಬುಟ್ಟಿ ಮಸೀದಿಗೆ ಹೋಯಿತು.

ನಾನು ಎಂದಿನಂತೆ ಬೆಂಚಿನ ಮೇಲೇ ಕೂತಿದ್ದೆ. ಬಾಂಗು ಆಯಿತು. ಚಾಚಾ ಒಂದು ಖರ್ಜೂರ ತಿಂದು, ನೀರು ಕುಡಿದು, ಒಂದು ತುಂಡು ಕಬಾಬು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಉಗುಳಲಿಲ್ಲ, ನುಂಗಿದರು. ಪರದೆ ಸರಿಸಿ ನನ್ನನ್ನು ನೋಡಿದರು.

“ಆರಾಮ ಅದೀರಿಲ್ರಿ ಮಾಸ್ತರ?”

“ಹೌದ್ರಿ, ಆರಾಮ ಅದೀನಿ” ಎಂದೆ.

ಅವರು ಪರದೆ ಮತ್ತೆ ಎಳೆದರು. ಸ್ವಲ್ಪ ಹೊತ್ತಿನಲ್ಲೇ ಮಸೀದಿಯಿಂದ ನಾಲ್ಕೈದು ಹಿರಿಯರು ಬಂದರು. ಬೇಸಿಗೆಯ ದಿನ ಬೆಳಗಿನಿಂದ ನಾಲಿಗೆ ಒಣಗಿಸಿಕೊಂಡು ಕೂತವರ ಬಾಯಿಗೆ ಉಪ್ಪಿನ ಹರಳು ಬಿದ್ದಿತ್ತು. ‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯಿದೆ. ಅವತ್ತು ತಪ್ಪು ನನ್ನದು, ನೀರು ಕುಡಿದವರು ಅವರು. “ಯಾರ ನೋಡಿದ್ರಪಾ ಇದರ ರುಚಿ? ನಿಮ್ಮ ಮಾಸ್ತರ ಎಲ್ಲಿ?” ಎಂದು ಒಬ್ಬರು ದನಿ ಏರಿಸಿದರು.

“ಇವತ್ತ ಮಾಸ್ತರ ಬಂದಿಲ್ರಿ. ಯಾರೂ ನೋಡಿಲ್ಲ. ತಪ್ಪ ನಂದ ಅದ, ಮಾಫ್ ಮಾಡ್ರಿ” ಎಂದರು ಚಾಚಾ.

ಎರಡು ಮೊಳ ದೂರದಲ್ಲಿ, ಗೋಣಿತಟ್ಟಿನ ಈಚೆ, ನಾನು ಖಾಲಿ ಸೀಖ್ ಹಿಡಿದು ಕೂತಿದ್ದೆ. ಏಳಬೇಕಿತ್ತು. ಏಳಲಿಲ್ಲ. ಜನ ಚದುರಿದ ಮೇಲೆ ಹಿಂದಿನ ಸಂದಿಯಿಂದ ಮನೆಗೆ ಬಂದೆ.

ಮರುದಿನ ಪರೀಕ್ಷೆಯ ಕೆಲಸವಿದೆ ಎಂದು ಹೇಳಿ ಕಳಿಸಿದೆ. ಮತ್ತೆ ಹೋಗಲೇ ಇಲ್ಲ. ಅವರು ಬೇರೆ ಯಾರನ್ನೂ ಕರೆಯಲಿಲ್ಲವಂತೆ. ಹೆದರಿ ಹೆದರಿ ಉಪ್ಪು ಹಾಕಿ, ಕಬಾಬು ಸಪ್ಪೆಯಾಗಿ, ಬರುವವರು ಕಡಿಮೆಯಾದರು. ಈದ್ ಆದ ಮೇಲೆ ಗಾಡಿ ಮತ್ತೆ ಗೋಡೆಗೆ ಒರಗಿತು. ಎಲ್ಲ ನನ್ನಿಂದಲೇ ಆಯಿತು ಎಂದರೆ ಅದೂ ಒಂದು ಜಂಭವೇ. ಬೈಪಾಸಿನ ಹೋಟೆಲುಗಳಿದ್ದವು, ಅವರ ವಯಸ್ಸಿತ್ತು. ಆದರೂ... ನಾನು ಯಾದಗಿರಿಗೆ ವರ್ಗ ಕೇಳಿ ಪಡೆದುಕೊಂಡೆ. ಮಾರ್ಕು ಹಾಕುವುದನ್ನೂ ಬಿಟ್ಟೆ.

ಆ ಚಳಿಗಾಲದಲ್ಲಿ ಚಾಚಾ ಎದೆನೋವಿನಿಂದ ತೀರಿಕೊಂಡರು. ಸುದ್ದಿ ನನಗೆ ಮುಟ್ಟಿದ್ದು ಹತ್ತು ದಿನ ತಡವಾಗಿ. ಶಹಾಪುರಕ್ಕೆ ಹೋಗಿ ಅವರ ಮನೆಯ ಹೊಸ್ತಿಲ ಬಳಿ ನಿಂತಾಗ ಚಾಚಿ ಕುರ್ಚಿ ಹಾಕಿಸಿ ನೀರು ಕೊಟ್ಟರು. ಮಾತು ಅವರೇ ತೆಗೆದರು.

“ನಾಲಿಗಿ ಬಂತೇನ್ರಿ ಮಾಸ್ತರ?”

ಲೋಟ ಕೈಯಲ್ಲೇ ಉಳಿಯಿತು.

“ಅವರಿಗಿ ಮೊದಲನೇ ದಿನಾನ ಗೊತ್ತಾಗಿತ್ರಿ. ‘ಮಾಸ್ತರ ಇವತ್ತ ಒಂದೂ ಕೊಂಕು ತೆಗೀಲಿಲ್ಲ, ಸರಿ ಅದ ಅಂದ್ರು, ಆ ಬ್ಯಾನ್ಯಾಗ ರುಚಿ ಹೋಗ್ಯಾದ ಕಾಣ್ತದ ಪಾಪ’ ಅಂದ್ರು. ಬ್ಯಾರೆಯವರಿಗಿ ಕರೀರಿ ಅಂತ ನಾನೂ ಹೇಳ್ದೆ. ‘ಕರದ್ರ ಅವರ ಮನಸ್ಸಿಗಿ ಹತ್ತತದ. ತಾವಾಗೇ ಹೇಳತಾರ ಬಿಡು’ ಅಂದ್ರು. ದಿನಾ ಬಂದು, ಇವತ್ತೂ ಹೇಳ್ಳಿಲ್ಲ ಅಂತಿದ್ರು.”

ನೀರು ಕುಡಿದು, ಕೈ ಮುಗಿದು ಎದ್ದು ಬಂದೆ.

ಹೋದ ವರ್ಷ ನಾಲಿಗೆ ಮರಳಿತು. ಮೊದಲು ಬೆಲ್ಲ, ಆಮೇಲೆ ಹುಣಸೆ, ಕೊನೆಗೆ ಉಪ್ಪು. ಹೆಂಡತಿ ದೇವರಿಗೆ ಕಾಯಿ ಒಡೆಸಿದಳು. ನನಗೆ ಸಂತೋಷಪಡಲು ಆಗಲಿಲ್ಲ. ಹಳೆಯ ಪುಟವನ್ನು ಮೊಬೈಲಿನಲ್ಲಿ ಈಗಲೂ ತೆಗೆದು ನೋಡುತ್ತೇನೆ. ಚಾಚಾನ ಅಂಗಡಿಯ ಮುಂದೆ ಅರವತ್ತೆರಡು ಹಾಗೇ ಇದೆ. ತಿದ್ದಲು ಕೈ ಏಳುವುದಿಲ್ಲ. ಈಗ ಹೆಚ್ಚಿಸಿದರೆ ಯಾರಿಗಾಗಿ?

ಮೊನ್ನೆ ಆ ಹೋಟೆಲಿನಲ್ಲಿ ಕೊನೆಗೂ ಒಳಗೆ ಹೋಗಿ ಕೂತೆ. ಮೇಜಿನ ನಡುವೆಯೇ ಕೆಂಡ, ಅದರ ಮೇಲೆ ಸಾಲಾಗಿ ಕಂಬಿಗಳು. ಒಂದು ತುಂಡು ಬಾಯಿಗಿಟ್ಟೆ. ಬಡಿಸುತ್ತಿದ್ದ ನಡುವಯಸ್ಸಿನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ನನ್ನ ಕಡೆ ಬಾಗಿದರು. “ಉಪ್ಪು ಖಾರ ಬರೋಬ್ಬರಿ ಅದ ಇಲ್ರಿ ಸರ್?”

ಚಾಚಾನ ನಂತರ ನನ್ನನ್ನು ಉಪ್ಪಿನ ಹದ ಕೇಳಿದವರು ಅವರೇ. ಉಪ್ಪು ಒಂದು ಚಿಟಿಕೆ ಜಾಸ್ತಿಯಿತ್ತು. ನನ್ನ ನಾಲಿಗೆ ಅದನ್ನು ಸ್ಪಷ್ಟವಾಗಿ ಹೇಳಿತು.

“ನನಗ ರುಚಿ ಹತ್ತಂಗಿಲ್ರಿ” ಎಂದೆ. “ಜ್ವರದಾಗ ಹೋಗ್ಯಾದ. ಬ್ಯಾರೆಯವರನ್ನ ಕೇಳ್ರಿ.”

ಮೇಜಿನ ಸುತ್ತ ಕೂತವರು ಚೇಷ್ಟೆಯೆಂದುಕೊಂಡು ನಕ್ಕರು. ಬಡಿಸುವವರು ಪಾಪ, ಪಕ್ಕದವರನ್ನು ಕೇಳಲು ಹೋದರು. ಇಷ್ಟೇ ಮಾತು. ಇದನ್ನು ಹೇಳಲು ನನಗೆ ಆ ರಂಜಾನಿನಲ್ಲಿ ಹನ್ನೊಂದು ಸಂಜೆ ಸಿಕ್ಕಿದ್ದವು. ಹನ್ನೊಂದು ಸಂಜೆಯೂ ಚಾಚಾ ಕಾದಿದ್ದರು.